ಉತ್ಕರ್ಷಿತ ಕೊಲೆಸ್ಟರಾಲ್

ಕೊಲೆಸ್ಟರಾಲ್ ಅಣುವು ಗಾಳಿಯ ಆಮ್ಲಜನಕದೊಡನೆಯೋ ಶರೀರದೊಳಗೇ ಹುಟ್ಟುವ ಉತ್ಕರ್ಷಕಗಳೊಡನೆಯೋ ವರ್ತಿಸಿದಾಗ ಉತ್ಪನ್ನವಾಗುವ, 7-ಕೀಟೋಕೊಲೆಸ್ಟರಾಲ್ ಮೊದಲಾದ ಸಂಯುಕ್ತಗಳ ಸಮುದಾಯ.

1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೋವನು ಮೊಲಗಳಿಗೆ ಕೊಲೆಸ್ಟರಾಲನ್ನು ಉಣಿಸಿ ಧಮನಿಗಳಲ್ಲಿ ಮೇದಸ್ಸಂಚಯವನ್ನು ಉಂಟುಮಾಡಿದ್ದನು; ಆದರೆ ಶುದ್ಧ ದ್ರವ್ಯಕ್ಕಿಂತಲೂ, ಗಾಳಿಗೆ ತೆರೆದಿಟ್ಟು ಕೆಟ್ಟುದರಲ್ಲಿರುವ ಕಲ್ಮಷಗಳೇ ಧಮನೀಭಿತ್ತಿಗೆ ಹೆಚ್ಚು ಘಾತುಕವೆಂದು 1976ರಲ್ಲಿ ಪ್ರಕಟವಾದ ಪ್ರಯೋಗಗಳು ಸೂಚಿಸಿದುವು.

ಉತ್ಕರ್ಷಿತ ಕೊಲೆಸ್ಟರಾಲಿನೊಡನೆ ಹಲವರು ಬೆರೆಸಿಬಿಡುವ ಉತ್ಕರ್ಷಿತ ಎಲ್‌ಡಿಎಲ್ ಬೇರೆಯೇ ವಸ್ತು: ಅದು ಕೊಲೆಸ್ಟರಾಲನ್ನು ಹೊತ್ತು ರಕ್ತದಲ್ಲಿ ಸಂಚರಿಸುವ ಕಣದ ವಿಕೃತರೂಪ. ಹೃದಯದ ಪರಿಧಮನಿಯ ಒಳಪದರವನ್ನು ಹೊಕ್ಕು ಅಲ್ಲಿಯೇ ಸಿಲುಕಿ ಉತ್ಕರ್ಷಣಕ್ಕೊಳಗಾದ ಈ ಕಣವನ್ನು ಭಕ್ಷಕಕೋಶಗಳು ತಮ್ಮ ವಿಶಿಷ್ಟ ಗ್ರಾಹಕಗಳ ಮೂಲಕ ಮಿತಿಯಿಲ್ಲದೆ ನುಂಗಿ, ನೊರೆಕೋಶಗಳಾಗಿ ಉಬ್ಬಿ ಸಾಯುತ್ತವೆ. ಅವುಗಳ ಅವಶೇಷದಿಂದ ಬೆಳೆದ ಮೇದಸ್ಸಿನ ಗಡ್ಡೆ ಬಿರಿದರೆ ರಕ್ತವು ಹೆಪ್ಪುಗಟ್ಟಿ ಹೃದಯಾಘಾತ ಸಂಭವಿಸಬಹುದು. ಅಮೆರಿಕದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು 1989ರಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು. ವಾದವು ಆಕರ್ಷಕವಾದರೂ ಚಿಕಿತ್ಸೆಯಲ್ಲಿ ಫಲಿಸಲಿಲ್ಲವೆಂಬುದನ್ನು ಮರೆಯಲಾಗದು. ಉತ್ಕರ್ಷಣನಿರೋಧಕವಾದ ಇ ಜೀವಸತ್ತ್ವವನ್ನು ಸಾವಿರಾರು ಮಂದಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ, 2000ದಲ್ಲಿ ಪ್ರಕಟವಾದ ‘ಹೋಪ್’ ಪರೀಕ್ಷೆಯಲ್ಲಿ ಹೃದ್ರೋಗವೇನೂ ತಗ್ಗಲಿಲ್ಲ.

ಮೊಟ್ಟೆಯ ಪುಡಿ, ಹಾಲಿನ ಪುಡಿ, ಮರುಮರಳಿ ಕಾಯಿಸಿದ ಪ್ರಾಣಿಜನ್ಯ ಕೊಬ್ಬು, ಇವುಗಳಲ್ಲಿ ಉತ್ಕರ್ಷಿತ ಕೊಲೆಸ್ಟರಾಲಿನ ಸಂಯುಕ್ತಗಳುಂಟು. ಪರದೇಶಗಳಲ್ಲಿ ನೆಲೆಸಿದ ಭಾರತೀಯರ ಹೃದ್ರೋಗಾಧಿಕ್ಯಕ್ಕೆ ತುಪ್ಪದಲ್ಲಿರುವ ಇವೇ ಕಾರಣವಿರಬಹುದೆಂದು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನವೊಂದು ಊಹಿಸಿತು. ಮಧುಮೇಹ, ಧೂಮಪಾನ, ರಕ್ತದೊತ್ತಡಗಳನ್ನು ಬದಿಗಿರಿಸಿ ಆ ಊಹೆಯನ್ನೇ ಸಿದ್ಧಾಂತವಾಗಿ ಎಣಿಸುವುದು ಯುಕ್ತವಲ್ಲ.