ಜರ್ಮನರ ನಾಡು, ಜರ್ಮನರ ನುಡಿ

ಜರ್ಮನರಷ್ಟು ಬಗೆಬಗೆಯ ಹೆಸರುಗಳನ್ನು ನೆರೆಯವರಿಂದ ಪಡೆದ ಜನಾಂಗ ವಿರಳ. ನಾವು ಆಡುವ ‘ಜರ್ಮನಿ’ ಎಂಬ ಹೆಸರು ರೋಮನರು ಬಳಸಿದ್ದು. ಇಂಗ್ಲಿಷಿನ ಮೂಲಕ ನಮಗೆ ಬಂದಿತು. ಫ್ರೆಂಚರು ಅಲಮನ್ನಿ ಎಂಬ ಪಂಗಡದ ಹೆಸರನ್ನೇ ಇಡೀ ಜನಾಂಗಕ್ಕೆ ಹಚ್ಚಿದರು. ಫಿನ್‌ಲೆಂಡಿನವರು ಸ್ಯಾಕ್ಸನ್ ಪಂಗಡದ ಹೆಸರನ್ನು ಹಚ್ಚಿದರು. ಪೋಲೆಂಡಿನವರು ಬಳಸುವ ಹೆಸರಿಗೆ ‘ಮೂಗರು’ ಎಂಬುದು ಮೂಲಾರ್ಥವೆಂದು ಪಂಡಿತರ ಅಭಿಪ್ರಾಯ. ಜರ್ಮನರಾದರೋ ತಮ್ಮನ್ನು ‘ಡಾಯ್ಚ್’ ಎಂದು ಕರೆದುಕೊಳ್ಳುವರು. ಇದರ ಹಳೆಯ ಅರ್ಥ ‘ಜನರದು’ ಎಂದು. ಲ್ಯಾಟಿನ್ ಪಂಡಿತರ ಭಾಷೆ, ಇದು ಜನರ ಭಾಷೆ. ಹೀಗೆ ಹೆಸರು ಮೊದಲು ನುಡಿಗೆ ಸಂದಿತು. ಜನಕ್ಕೂ ನಾಡಿಗೂ ಅನಂತರ ಬಂದಿತು. ಜರ್ಮನರ ಚರಿತ್ರೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ನಾಡಿನ ಉತ್ತರದಲ್ಲಿ ಎರಡು ಕಡಲುಗಳೂ ಸಮತಟ್ಟಾದ ಬಯಲೂ ಇವೆ. ದಕ್ಷಿಣದಲ್ಲಿ ಆಲ್ಪ್ಸ್ ಪರ್ವತಗಳ ಹಿಮಶಿಖರಗಳಿವೆ. ಪೂರ್ವ ಪಶ್ಚಿಮಗಳಲ್ಲಿ ಮಾತ್ರ ಅಂತಹ ಎತ್ತರದ ಗೋಡೆಯಿಲ್ಲ. ಆದುದರಿಂದ ಜರ್ಮನಿಯ ಎಲ್ಲೆ ಕಾಲಕಾಲಕ್ಕೆ ಕದಲುತ್ತ ಬಂದಿತು. ೯೬೨ರಿಂದ ೧೮೦೬ರವರೆಗೆ ‘ಪವಿತ್ರ ರೋಮನ್ ಸಾಮ್ರಾಜ್ಯ’ವೆಂಬ ದೊಡ್ಡ ಹೆಸರು ಇದ್ದಿತಾದರೂ ಅದರ ಒಳಗೆ ಇದ್ದುವು ನೂರಾರು ಸಣ್ಣಪುಟ್ಟ ಸಂಸ್ಥಾನಗಳು, ಬಿಷಪ್ಪರ ಜಹಗೀರುಗಳು, ಸ್ವತಂತ್ರ ಪಟ್ಟಣಗಳು. ೧೬೧೮ರಿಂದ ೧೬೪೮ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಯೂರೋಪಿನ ಅನೇಕ ಸೇನೆಗಳು ಈ ನೆಲವನ್ನೇ ರಣಭೂಮಿಯನ್ನಾಗಿ ಮಾಡಿಕೊಂಡುವು. ಆದರೂ ಈ ಸಣ್ಣ ಆಸ್ಥಾನಗಳಿಂದ ಒಂದು ಉಪಕಾರವಾಯಿತು. ಪ್ರತಿಯೊಬ್ಬ ದೊರೆಯೂ ತನಗೊಂದು ನಾಟಕಶಾಲೆ, ವಾದ್ಯಗೋಷ್ಠಿ, ಪುಸ್ತಕ ಭಂಡಾರ ಬೇಕೆಂದು ಬಯಸಿದನು. ವೈಮರ್ ಎಂಬ ಪುಟ್ಟ ಊರಿಗೆ ೧೭೭೫ರಲ್ಲಿ ಅಲ್ಲಿಯ ದೊರೆ ಗಯಟೆಯನ್ನು ಕರೆಸಿಕೊಂಡನು. ಕವಿ ೧೮೩೨ರಲ್ಲಿ ಅಲ್ಲಿಯೇ ತೀರಿಕೊಂಡನು. ನಮ್ಮ ಶಾಕುಂತಲವನ್ನು ೧೭೯೧ರ ಜರ್ಮನ್ ಅನುವಾದದಲ್ಲಿ ಓದಿ ಮುಗ್ಧನಾದ ಕವಿ ಈತನೇ.

ಹರಿದು ಹಂಚಿಹೋಗಿದ್ದ ಈ ಜನವನ್ನು ಒಂದುಗೂಡಿಸಿದುದು ನುಡಿ. ಮೈನ್ಟ್ಸ್ ನಗರದಲ್ಲಿ ೧೪೫೫ರ ಸುಮಾರಿಗೆ ಗೂಟನ್‌ಬೆರ್ಗನು ಎರಕದ ಅಕ್ಷರಗಳಿಂದ ಬೈಬಲನ್ನು ಅಚ್ಚು ಹಾಕಿದನು. ಆದರೆ ಅದು ಲ್ಯಾಟಿನ್ ಬೈಬಲು. ವಾರ್ಟ್‌ಬುರ್ಗ್ ಕೋಟೆಯಲ್ಲಿ ಮರೆಯಾಗಿದ್ದ ಲೂಥರನು ಸುಮಾರು ಹನ್ನೊಂದು ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಅದು ೧೫೨೨ರಲ್ಲಿಯೂ, ಇಡೀ ಬೈಬಲು ೧೫೩೪ರಲ್ಲಿಯೂ ಪ್ರಕಟವಾದುವು. ಮನೆಯ ತಾಯಂದಿರೂ ಬೀದಿಯ ಮಕ್ಕಳೂ ಸಂತೆಯ ಜನರೂ ಆಡುವ ಮಾತನ್ನು ಅನುವಾದಕನು ಕಿವಿಗೊಟ್ಟು ಕೇಳಬೇಕೆಂಬುದು ಲೂಥರನ ಮತ. ಊರಿಗೊಂದು ಬಗೆಯ ಮಾತಿದ್ದ ನಾಡಿಗೆ ಎಲ್ಲರೂ ಓದಬಲ್ಲ ಒಂದು ಬರಹದ ಭಾಷೆ ನೆಲೆಯಾಗಲು ಈ ಗ್ರಂಥವು ಬಹುಮಟ್ಟಿಗೆ ಕಾರಣವಾಯಿತು. ಆ ಕೋಟೆಯ ಕೆಳಗಿರುವ ಐಸೆನಾಖ್ ಊರಿನಲ್ಲಿಯೇ ೧೬೮೫ರಲ್ಲಿ ಸಂಗೀತಗಾರ ಬಾಖ್ ಹುಟ್ಟಿದನು.

ನುಡಿಯ ಸೇವೆಯಲ್ಲಿ ಗ್ರಿಮ್ ಸೋದರರ ಕಥೆ ವಿಶೇಷವಾದುದು. ಇವರು ೧೮೧೨ರಲ್ಲಿ ಪ್ರಕಟಿಸಿದ ಅಜ್ಜಿಕಥೆಗಳನ್ನು ನಮ್ಮ ಮಕ್ಕಳೂ ಬಲ್ಲರು. ೧೮೩೭ರಲ್ಲಿ ಹ್ಯಾನೋವರಿನ ಹೊಸ ದೊರೆಯು ರಾಜ್ಯಾಂಗವನ್ನು ರದ್ದುಮಾಡಿದಾಗ ಗಟ್ಟಿಂಗನ್ ವಿಶ್ವವಿದ್ಯಾನಿಲಯದ ಏಳು ಮಂದಿ ಪ್ರಾಧ್ಯಾಪಕರು, ತಾವು ಅದಕ್ಕೆ ಮಾಡಿದ ಪ್ರಮಾಣವನ್ನು ಮುರಿಯಲಾರೆವೆಂದು ಬರೆದು ರುಜು ಹಾಕಿದರು. ಏಳು ಮಂದಿಯೂ ಕೆಲಸ ಕಳೆದುಕೊಂಡರು. ಅವರಲ್ಲಿ ಇಬ್ಬರು ಗ್ರಿಮ್ ಸೋದರರು; ಹಿರಿಯನಾದ ಯಾಕೋಬನಿಗೆ ರಾಜ್ಯದಿಂದ ಗಡೀಪಾರೂ ಆಯಿತು. ಕೆಲಸವಿಲ್ಲದ ಆ ದಿನಗಳಲ್ಲಿ ಜರ್ಮನ್ ಭಾಷೆಯ ಮಹಾನಿಘಂಟನ್ನು ಆರಂಭಿಸಿದರು. ಯಾಕೋಬನು ೧೮೬೩ರಲ್ಲಿ ತೀರಿಕೊಂಡಾಗ ‘ಹಣ್ಣು’ ಎಂಬರ್ಥದ ‘ಫ್ರುಖ್ಟ್’ ಪದದವರೆಗೆ ಬಂದಿದ್ದನು. ಉಳಿದುದನ್ನು ತಲೆಮಾರುಗಳ ವಿದ್ವಾಂಸರು ಬರೆದು ೧೯೬೧ರಲ್ಲಿ ಮುಗಿಸಿದರು.

ಈ ಶ್ರದ್ಧೆಯ ಫಲವನ್ನು ಕನ್ನಡಿಗರೂ ಉಂಡಿರುವೆವು. ವುರ್ಟೆಂಬೆರ್ಗ್ ರಾಜ್ಯದಲ್ಲಿ ಹುಟ್ಟಿ ೧೮೩೬ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದೇ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದ ಕಡಲ ತೀರದಿಂದ ೧೮೫೩ರಲ್ಲಿ ಬಂದ ಕಿಟ್ಟೆಲರು ಹಲವು ದಶಕಗಳು ದುಡಿದು, ಸುಮಾರು ೭೦,೦೦೦ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ೧೮೯೪ರಲ್ಲಿ ಕೊಟ್ಟರು. ಇವರಿಬ್ಬರೂ ಬಂದದ್ದು ಮತಪ್ರಚಾರಕ್ಕಾಗಿ. ಆದರೆ ಉಳಿದು ನಿಂತುದು ನುಡಿಯ ಸೇವೆ. ಇವರು ಹಡಗು ಹತ್ತಿದಾಗ ಜರ್ಮನಿಯೆಂಬ ಏಕರಾಜ್ಯವೇ ಇರಲಿಲ್ಲವೆಂಬುದು ಗಮನಾರ್ಹ. ಅದು ಸ್ಥಾಪಿತವಾದುದು ೧೮೭೧ರಲ್ಲಿ, ಪ್ರಷ್ಯದ ಬಿಸ್ಮಾರ್ಕನ ನೀತಿಯಿಂದಲೂ ಮೂರು ಯುದ್ಧಗಳಿಂದಲೂ.

ಇಷ್ಟು ವಿದ್ಯಾವಂತವಾದ ಜನ ಮುಂದೆ ಮಾಡಿದುದೇನು? ೧೯೩೩ರ ಮೇ ೧೦ರ ರಾತ್ರಿ ಬರ್ಲಿನ್ ವಿಶ್ವವಿದ್ಯಾನಿಲಯದ ಎದುರಿನ ಚೌಕದಲ್ಲಿ ಸುಮಾರು ೨೦,೦೦೦ ಪುಸ್ತಕಗಳನ್ನು ಸುಟ್ಟರು. ಸುಟ್ಟವರಲ್ಲಿ ಮುಂದಾಳುಗಳು ವಿದ್ಯಾರ್ಥಿಗಳೇ, ಪ್ರಾಧ್ಯಾಪಕರೂ ಜೊತೆಗಿದ್ದರು. ಅದೇ ವರ್ಷ ದೇಶ ಬಿಟ್ಟ ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೊನಿಗ್ಸ್‌ಬರ್ಗರರು ೧೯೩೯ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆಶ್ರಯವನ್ನೂ ಕೆಲಸವನ್ನೂ ಪಡೆದರು. ಬೆಂಗಳೂರಿನ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳು ಅವರವು. ಹೊರಟು ಬರಲಾರದವರ ಗತಿ ಬೇರೆ. ಗಯಟೆಯ ವೈಮರಿನ ಪಕ್ಕದ ಗುಡ್ಡದ ಮೇಲೆಯೇ ೧೯೩೭ರಲ್ಲಿ ಬೂಖನ್‌ವಾಲ್ಟ್ ಎಂಬ ಸೆರೆಶಿಬಿರ ಎದ್ದಿತು. ಯುದ್ಧ ಮುಗಿಯುವ ವೇಳೆಗೆ ಸುಮಾರು ೬೦ ಲಕ್ಷ ಯೆಹೂದ್ಯರ ಕೊಲೆಯಾಗಿತ್ತು.

ವಿದ್ಯೆಯೊಂದೇ ಜನವನ್ನು ಕಾಯಲಾರದೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ. ಗಟ್ಟಿಂಗನ್ನಿನ ಏಳು ಮಂದಿಯಲ್ಲಿ ವಿದ್ಯೆಯ ಜೊತೆಗೆ ನಡೆಯ ನಿಷ್ಠೆಯಿದ್ದಿತು. ೧೯೩೩ರಲ್ಲಿ ಅಂತಹವರು ಸಾಲದಾದರು. ೧೯೪೯ರಲ್ಲಿ ಎರಡು ರಾಜ್ಯಗಳಾಗಿ ಒಡೆದ ಜರ್ಮನಿಯು ೧೯೯೦ರ ಅಕ್ಟೋಬರ್ ೩ರಂದು ಮತ್ತೆ ಒಂದಾಯಿತು. ಈಗ ಅದು ೧೬ ರಾಜ್ಯಗಳ ಒಕ್ಕೂಟ. ಪುಸ್ತಕ ಸುಟ್ಟ ಆ ಚೌಕದ ನೆಲದಲ್ಲಿ ಒಂದು ಗಾಜಿನ ಹಲಗೆಯುಂಟು. ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಕೋಣೆ. ೨೦,೦೦೦ ಪುಸ್ತಕಗಳು ಹಿಡಿಯುವಷ್ಟು ಬರಿಯ ಕಪಾಟುಗಳು. ತಮ್ಮ ತಪ್ಪನ್ನು ರಾಜಧಾನಿಯ ನಡುವೆಯೇ ಹೀಗೆ ತೋರಿಸಿಟ್ಟುಕೊಂಡಿರುವುದನ್ನೂ ಆ ಜನದ ಸಂಸ್ಕೃತಿಯ ಒಂದು ಅಂಶವೆಂದೇ ನಾವು ಎಣಿಸಬೇಕು.