ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ರಾತ್ರಿ ನೀರಿನಲ್ಲಿ ಹಾಕಿಟ್ಟ ಒಣದ್ರಾಕ್ಷಿ ಬೆಳಗಾಗುವಷ್ಟರಲ್ಲಿ ಉಬ್ಬಿರುವುದನ್ನು ನೀವು ನೋಡಿದ್ದೀರಿ. ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿಟ್ಟ ಮಾವಿನ ಹೋಳುಗಳು ನೀರು ಬಿಟ್ಟು ಸುಕ್ಕುಗಟ್ಟುವುದನ್ನೂ ಕಂಡಿದ್ದೀರಿ. ಎರಡಕ್ಕೂ ಕಾರಣ ಒಂದೇ. ಜೀವಕೋಶದ ಪೊರೆಯ ಯಾವ ಬದಿಯಲ್ಲಿ ಉಪ್ಪು, ಸಕ್ಕರೆಯಂತಹ ಕರಗಿದ ವಸ್ತುಗಳು ಹೆಚ್ಚಿವೆಯೋ ಆ ಬದಿಗೆ ನೀರು ಹರಿಯುತ್ತದೆ. ಇದನ್ನೇ ಅಭಿಸರಣೆ ಎನ್ನುತ್ತೇವೆ. ಈ ಸಣ್ಣ ನಿಯಮ ಕೋಟ್ಯಂತರ ಜೀವಗಳನ್ನು ಉಳಿಸಿದ್ದು ಹೇಗೆಂದು ನೋಡೋಣ.

1748ರಲ್ಲಿ ಫ್ರಾನ್ಸಿನ ಪಾದ್ರಿ ಹಾಗೂ ವಿಜ್ಞಾನಿ ಜಾನ್ ಆಂತ್ವಾನ್ ನೊಲೆ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿದರು. ನೀರು ಒಳನುಗ್ಗಿ ಪೊರೆ ಉಬ್ಬಿತು. 1877ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಈ ಒತ್ತಡವನ್ನು ಅಳೆದ ಫಲಿತಾಂಶಗಳನ್ನು ಪ್ರಕಟಿಸಿದರು. ಅದಕ್ಕೆ ಗಣಿತದ ಸೂತ್ರ ಕೊಟ್ಟ ಹಾಲೆಂಡಿನ ವಾಂಟ್ ಹಾಫ್ ಅವರಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ದೊರೆಯಿತು.

ಆದರೆ ಈ ಜ್ಞಾನ ಬಡವರ ಮನೆಬಾಗಿಲಿಗೆ ಬರಲು ಬಹುಕಾಲ ಹಿಡಿಯಿತು. ಕಾಲರಾ ಬಂದಾಗ ಕರುಳಿನ ಜೀವಕೋಶಗಳು ಲವಣಗಳನ್ನು ಹೊರಚೆಲ್ಲುತ್ತವೆ. ಅವುಗಳ ಹಿಂದೆಯೇ ನೀರೂ ಹೊರಟುಹೋಗುತ್ತದೆ. ಬರೀ ನೀರು ಕುಡಿಸಿದರೆ ಸಾಲದು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪನ್ನು ಹಿಂಬಾಲಿಸಿ ನೀರೂ ದೇಹಕ್ಕೆ ಸೇರುತ್ತದೆ ಎಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು.

1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಲು ಅವರ ಮನೆಯವರಿಗೇ ಒಪ್ಪಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಸ್ವತಂತ್ರ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಅರ್ಧ ಸೇರು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದು ತಾಯಂದಿರಿಗೆ ಕಲಿಸಿದರು. ಪಾಠ ಹೇಳಿದ್ದಕ್ಕಲ್ಲ, ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ ಕಾರ್ಯಕರ್ತೆಯರಿಗೆ ಸಂಬಳ! ಶಿಕ್ಷಣದ ನಿಜವಾದ ಅಳತೆ ಇದಲ್ಲವೇ?

ಇಲ್ಲಿ ಒಂದು ಎಚ್ಚರಿಕೆ. ದ್ರಾವಣ ಹೆಚ್ಚು ಗಾಢವಾದರೆ ಅದೇ ನಿಯಮ ತಿರುಗಿಬೀಳುತ್ತದೆ. ಕರುಳು ದೇಹದ ನೀರನ್ನೇ ಸೆಳೆದು ಭೇದಿ ಹೆಚ್ಚುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಓಆರ್‌ಎಸ್ ದ್ರಾವಣದ ಸಾಂದ್ರತೆಯನ್ನು ಲೀಟರಿಗೆ 311 ಮಿಲಿಆಸ್ಮೋಲ್‌ನಿಂದ 245ಕ್ಕೆ ಇಳಿಸಿತು.

ಆದ್ದರಿಂದ ನಿಮ್ಮ ಮನೆಯ ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪೊಟ್ಟಣವನ್ನು ಅಂದಾಜಿಗೆ ಕಲಸಬೇಡಿ. ಅದರ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಪೂರ್ತಿ ಹಾಕಿ. ಅತಿ ಸಿಹಿಯಾದ ತಂಪು ಪಾನೀಯ ಅದಕ್ಕೆ ಬದಲಿಯಲ್ಲ. ಪೊಟ್ಟಣದ ಮೇಲಿನ ಆ ಒಂದು ಸಾಲನ್ನು ಓದಬಲ್ಲ ತಾಯಿ ಆ ಹೊತ್ತಿನಲ್ಲಿ ಮನೆಯ ಮೊದಲ ವೈದ್ಯೆ. ನಮ್ಮ ಹೆಣ್ಣುಮಕ್ಕಳಿಗೆ ವಿಜ್ಞಾನ ಏಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?