ಕನ್ನಡ ಪ್ರಥಮ ಭಾಷೆ: ಮಿಜಾರು ಪರಿಸರದ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ತಾಲೂಕಿನ ಮಿಜಾರು ಮತ್ತು ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿವರೆಗೆ ಕಲಿಸುವ ಭಾಷಾ ವಿಷಯ. ರಾಜ್ಯದ ಪಠ್ಯಕ್ರಮ ಇದನ್ನು ಪ್ರಥಮ ಭಾಷೆ ಎನ್ನುತ್ತದೆ. ಆದರೆ ತೆಂಕಮಿಜಾರು, ಬಡಗಮಿಜಾರು, ಅಶ್ವತ್ಥಪುರದ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೊಂಕಣಿ, ಬ್ಯಾರಿ ಆಡುವ ಮನೆಗಳೂ ಇವೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಸ್ಥಿತಿಯೂ ಬಹುಮಟ್ಟಿಗೆ ಇದೇ. ಹೀಗಾಗಿ ಮೈಸೂರಿನ ಮಗುವಿಗೆಂದು ಬರೆದಂತಿರುವ ಪುಸ್ತಕವನ್ನು ಇಲ್ಲಿ ಬೇರೆ ರೀತಿಯಲ್ಲೇ ಕಲಿಸಬೇಕಾಗುತ್ತದೆ. ಕಾಗದದ ಮೇಲೆ ಮೊದಲನೆಯದಾದ ಭಾಷೆ ಬಾಯಿಗೆ ಬರುವಾಗ ಎರಡನೆಯದು.

ಪಾಠ ಮತ್ತು ಅಭ್ಯಾಸ

ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಪಠ್ಯಕ್ರಮ ಸಮಾನವಾಗಿ ಎಣಿಸುತ್ತದೆ. ರೂಢಿಯಲ್ಲಿ ಬರೆಹದ್ದೇ ಮೇಲುಗೈ. ಗದ್ಯಪಾಠ, ಪದ್ಯ, ಪೂರಕ ಓದು, ಪ್ರತಿ ಪಾಠದ ಕೊನೆಗೆ ಭಾಷಾಭ್ಯಾಸ. ವ್ಯಾಕರಣದಲ್ಲಿ ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ, ತತ್ಸಮ-ತದ್ಭವ; ರಚನೆಯಲ್ಲಿ ಪತ್ರ, ಪ್ರಬಂಧ, ಗಾದೆ ವಿಸ್ತರಣೆ. ಗಾದೆ ಯಾವುದೇ ಇರಲಿ, ಉತ್ತರ ಮಾತ್ರ ಗಾದೆಗಳು ವೇದಗಳಿಗೆ ಸಮಾನ ಎಂಬಲ್ಲಿಂದಲೇ ಶುರುವಾಗುತ್ತದೆ. ಎಂಟನೆಯ ತರಗತಿಯ 'ಸಂದರ್ಭ ಸಹಿತ ಸ್ವಾರಸ್ಯ'ದ ಪ್ರಶ್ನೆಗೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ತುಂಡುಗಳ ಅಚ್ಚು ಸಿದ್ಧವಿದೆ. ಮಕ್ಕಳು ಮೊದಲೆರಡನ್ನು ಉರು ಹೊಡೆದು ಮೂರನೆಯದರಲ್ಲಿ ಸಿಕ್ಕಿಬೀಳುತ್ತಾರೆ.

2017ರ ಪರಿಷ್ಕರಣೆಯ ಬಳಿಕದ ಎಂಟನೆಯ ತರಗತಿಯ 'ಸಿರಿ ಕನ್ನಡ'ದಲ್ಲಿ ಬಾಗಲೋಡಿ ದೇವರಾಯರ 'ಮಗ್ಗದ ಸಾಹೇಬ' ಕಥೆಯೂ ಮಂಜೇಶ್ವರ ಗೋವಿಂದ ಪೈಗಳ 'ಕನ್ನಡಿಗರ ತಾಯಿ' ಪದ್ಯವೂ ಇದ್ದವು. ಇಬ್ಬರೂ ಕರಾವಳಿಯವರು. ಗೋವಿಂದ ಪೈಗಳ ಮನೆಮಾತು ಕೊಂಕಣಿ ಎಂಬುದನ್ನು ಮಕ್ಕಳಿಗೆ ಹೇಳುವ ಶಿಕ್ಷಕರು ಪದ್ಯದ ಅರ್ಥದಷ್ಟೇ ಮುಖ್ಯವಾದುದನ್ನು ಹೇಳಿದಂತೆ.

ಉಕ್ತಲೇಖನ ಮತ್ತು ಳಕಾರ

ಈ ತರಗತಿಗಳ ನಿಜವಾದ ಕಸುಬು ಉಕ್ತಲೇಖನದಲ್ಲಿ ಕಾಣಿಸುತ್ತದೆ. ಬಹುಜನರ ಆಡುತುಳುವಿನಲ್ಲಿ ಳ ಮತ್ತು ಣ ಅನೇಕ ಕಡೆ ಲ ಮತ್ತು ನ ಆಗಿ ಸಡಿಲುತ್ತವೆ. ಕೆಲವೆಡೆ ಕನ್ನಡದ ಳಕ್ಕೆ ತುಳುವಿನಲ್ಲಿ ರ ನಿಲ್ಲುತ್ತದೆ: ಕೋಳಿ ಕೋರಿಯಾಗುತ್ತದೆ, ಬಾಳೆ ಬಾರೆಯಾಗುತ್ತದೆ. ಶಿವಳ್ಳಿ ಬ್ರಾಹ್ಮಣರ ತುಳುವಿನಲ್ಲಿ ಳಕಾರ ಹೆಚ್ಚು ಉಳಿದಿರುವುದರಿಂದ ಒಂದೇ ಬೆಂಚಿನ ಇಬ್ಬರು ತುಳು ಮಕ್ಕಳು ಒಂದೇ ತಪ್ಪು ಮಾಡುತ್ತಾರೆಂದು ಹೇಳಲಾಗದು. ಮಗು 'ಬೆಲಿಗ್ಗೆ' ಎಂದು ಬರೆದರೆ ಅದು ಅಜಾಗರೂಕತೆಯಲ್ಲ, ಕೇಳಿದ್ದನ್ನೇ ಬರೆದದ್ದು. ಅನುಭವಿ ಶಿಕ್ಷಕರು ಕೆಂಪು ಗೆರೆ ಎಳೆದು ಹತ್ತು ಸಲ ಬರೆಸುವ ಬದಲು ನಾಲಿಗೆ ಹಿಂದಕ್ಕೆ ಮಡಚಿ ತೋರಿಸಿ, ಹುಲಿ-ಹುಳಿ, ಮನ-ಮಣ ಎಂಬಂಥ ಜೋಡಿಗಳನ್ನು ಮೊದಲು ಬಾಯಲ್ಲಿ ಹೇಳಿಸುತ್ತಾರೆ. ಕಿವಿ ಬೇರ್ಪಡಿಸಿದ್ದನ್ನು ಕೈ ಬೇಗ ಕಲಿಯುತ್ತದೆ.

ಮಹಾಪ್ರಾಣದ ತಪ್ಪು ಬೇರೆ. ಅದು ಕನ್ನಡ ಮನೆಮಾತಿನವರಲ್ಲೂ ಇರುವುದರಿಂದ ತುಳುವಿನ ತಲೆಗೆ ಕಟ್ಟುವುದು ಸರಿಯಲ್ಲ. 'ಹೋಗ್ಲಿಕ್ಕುಂಟು', 'ಎಂತ' ಎಂಬ ಕರಾವಳಿ ಕನ್ನಡದ ರೂಪಗಳೂ ಪ್ರಬಂಧದೊಳಗೆ ನುಸುಳುತ್ತವೆ. ಅವುಗಳನ್ನು ತಪ್ಪೆನ್ನಬೇಕೇ, ಪ್ರಾದೇಶಿಕ ಭೇದ ಎನ್ನಬೇಕೇ ಎಂಬಲ್ಲಿ ಶಿಕ್ಷಕರೊಳಗೆ ಒಮ್ಮತವಿಲ್ಲ.

ಹಿನ್ನೆಲೆ

ಕನ್ನಡವೇ ಶಾಲೆಯ ಭಾಷೆಯಾದದ್ದು ಈಚಿನ ಮಾತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯ ತೆರೆಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದರು. ಮಿಶನರಿಗಳು ತುಳುವನ್ನು ಕಡೆಗಣಿಸಲಿಲ್ಲ. 1847ರ ಹೊತ್ತಿಗೆ ತುಳು ಹೊಸ ಒಡಂಬಡಿಕೆ, 1872ರಲ್ಲಿ ಬ್ರಿಗೆಲ್ಲರ ತುಳು ವ್ಯಾಕರಣ, 1886ರಲ್ಲಿ ಮ್ಯಾನರರ ತುಳು ನಿಘಂಟು ಬಂದವು. ಆದರೆ ತುಳುವಿಗೆ ಅವರು ಬಳಸಿದ್ದು ಕನ್ನಡ ಲಿಪಿ. ಶಾಲೆ, ಕಚೇರಿ, ಪತ್ರಿಕೆ ಕನ್ನಡದಲ್ಲೇ ಇದ್ದ ಸೀಮೆಯಲ್ಲಿ ಈ ಆಯ್ಕೆಯ ಪರಿಣಾಮ ದೂರ ಹೋಯಿತು: ಅಕ್ಷರ ಕಲಿಯುವುದೆಂದರೆ ಕನ್ನಡ ಕಲಿಯುವುದು ಎಂಬುದು ತುಳುವರಲ್ಲಿ ನೆಲೆಗೊಂಡಿತು. ಇದು ಹೇರಿಕೆಯೆಂದು ಆ ಕಾಲದವರಿಗೆ ಅನ್ನಿಸಿದಂತೆ ತೋರುವುದಿಲ್ಲ.

ಮಿಶನ್ನಿನ ಗದ್ಯ ಮಕ್ಕಳಿಗೆ ಒಗ್ಗುವಂಥದಾಗಿರಲಿಲ್ಲ. ಆ ಕೊರತೆ ತುಂಬಿದವರಲ್ಲಿ ಮೊದಲು ಹೆಸರಿಸಬೇಕಾದವರು ಪಂಜೆ ಮಂಗೇಶರಾಯರು (1874–1937). ಹುಟ್ಟಿದ್ದು ಬಂಟ್ವಾಳದಲ್ಲಿ, ಮನೆಮಾತು ಕೊಂಕಣಿ. ಅಧ್ಯಾಪಕರಾಗಿ, ಬಳಿಕ ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡವರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಅವರ ಶಿಶುಗೀತೆಗಳು, ಕಥೆಗಳು ಪಠ್ಯಪುಸ್ತಕಗಳ ಮೂಲಕ ರಾಜ್ಯವಿಡೀ ಹರಡಿದವು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದವರೂ ಅವರೇ. 'ನಾಗರ ಹಾವೆ' ಪದ್ಯದ ಗಿಡ್ಡ ಸಾಲು, ಒಮ್ಮೆ ಕೇಳಿದರೆ ಬಾಯಿಗೆ ಹತ್ತುವ ಲಯ ಕನ್ನಡವನ್ನು ಶಾಲೆಯಲ್ಲಷ್ಟೇ ಕೇಳುವ ಮಗುವಿಗೆ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ಬೇರೆ ಭಾಷೆ ಆಡುವವರೇ ಆ ತೊಡಕನ್ನು ಚೆನ್ನಾಗಿ ಬಲ್ಲರೆಂದು ಊಹಿಸಬಹುದು. ಪಂಜೆಯವರು ಹಾಗೆ ಲೆಕ್ಕ ಹಾಕಿ ಬರೆದರೆನ್ನಲು ಮಾತ್ರ ಆಧಾರ ಸಾಲದು. ಕಂಠಪಾಠಕ್ಕೆ ಇಲ್ಲಿನ ಶಾಲೆಗಳು ಇಂದಿಗೂ ಕೊಡುವ ಬೆಲೆಯನ್ನು ಈ ಪರಂಪರೆಯಿಂದ ಬಿಡಿಸಿ ನೋಡಲಾಗದು.

1956ರವರೆಗೆ ಜಿಲ್ಲೆ ಮದರಾಸಿಗೆ ಸೇರಿತ್ತು. ಹೈಯರ್ ಎಲಿಮೆಂಟರಿ ಶಾಲೆಗಳು ಎಂಟನೆಯ ತರಗತಿಗೆ ಮುಗಿದು, ಕೊನೆಗೆ ಇ.ಎಸ್.ಎಲ್.ಸಿ. ಪರೀಕ್ಷೆ ಇರುತ್ತಿತ್ತು. ಅದನ್ನು ದಾಟಿ ತರಬೇತಿ ಪಡೆದು ಹಳ್ಳಿಗೆ ಮರಳಿದವರೇ ಅಂದಿನ ಮಾಸ್ಟ್ರುಗಳಲ್ಲಿ ಅನೇಕರು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಿರಿಯ ಪ್ರಾಥಮಿಕ ಶಾಲೆ ಏಳನೆಯದಕ್ಕೆ ನಿಂತಿತು; 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯದನ್ನು ಮತ್ತೆ ಆ ಹಂತದೊಳಗೆ ತಂದಿತು.

ತರಗತಿಯ ಹೊರಗೆ

ಯಕ್ಷಗಾನದ ಪ್ರಸಿದ್ಧ ಹಾಸ್ಯಗಾರ ಮಿಜಾರು ಅಣ್ಣಪ್ಪ ಈ ಊರಿನ ಹೆಸರನ್ನು ತೆಂಕುತಿಟ್ಟಿನ ರಂಗಸ್ಥಳಕ್ಕೆ ಒಯ್ದವರು. ರಾತ್ರಿಯಿಡೀ ಆಟ ನೋಡಿ, ತಾಳಮದ್ದಳೆ ಕೇಳಿ ಬೆಳೆದ ಮಗುವಿಗೆ ಶಾಲೆಯ ಪುಸ್ತಕಕ್ಕಿಂತ ಬಿಗಿಯಾದ ಗ್ರಂಥಸ್ಥ ಕನ್ನಡ ಕಿವಿಯಲ್ಲಿರುತ್ತದೆ. ಅರ್ಥಗಾರಿಕೆ ಈ ಸೀಮೆಯಲ್ಲಿ ಭಾಷಾಪಾಠದ ಅರ್ಧ ಕೆಲಸ ಮಾಡಿದೆ ಎಂದರೆ ಅತಿಶಯವಾಗದು. ಪ್ರತಿಭಾ ಕಾರಂಜಿಯ ಆಶುಭಾಷಣ, ಕಥೆ ಹೇಳುವ ಸ್ಪರ್ಧೆಗಳಲ್ಲಿ ಇದರ ಫಲ ಕಾಣುತ್ತದೆ. ಮೂಡುಬಿದಿರೆಯಲ್ಲಿ 2003ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮರುವರ್ಷದಿಂದ ಆರಂಭವಾದ ಆಳ್ವಾಸ್ ನುಡಿಸಿರಿಗೆ ವಿದ್ಯಾರ್ಥಿಸಿರಿಯೂ ಜತೆಗೂಡಿತು.

ಮೌಲ್ಯಮಾಪನ

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಶಾಲೆಯ ಆಡುಮಾತಿನಲ್ಲಿ ಎಫ್‌ಎ, ಎಸ್‌ಎ. ಎಫ್‌ಎಗೆ ಕಿರುಪರೀಕ್ಷೆಯೊಡನೆ ಚಟುವಟಿಕೆಯೂ ಸೇರುತ್ತದೆ. ಗಟ್ಟಿ ಓದು, ಕಂಠಪಾಠ, ಸಂಭಾಷಣೆಗಳಿಗೆ ಅಂಕ ಸಿಗುವುದು ಅಲ್ಲಿಯೇ.

ಇತರ ಭಾಷೆಗಳ ನಡುವೆ

2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಪಡಿಸಲಾಗದೆಂದು ತೀರ್ಪಿತ್ತ ಮೇಲಿನ ಕ್ರಮವಿದು. ತುಳುವನ್ನು ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಆರಿಸಿಕೊಳ್ಳಲು ಜಿಲ್ಲೆಯಲ್ಲಿ ಅವಕಾಶವಿದೆ. ಅದರ ಪಠ್ಯಪುಸ್ತಕವೂ ಕನ್ನಡ ಲಿಪಿಯಲ್ಲಿದ್ದು, ಅಲ್ಲಿ ಕೋರಿ, ಬಾರೆ ಎಂದು ಬರೆದರೆ ಪೂರ್ಣ ಅಂಕ.